ಅವನು ಏಮಾರುವವನಲ್ಲ ಕಣೇ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು. ಉಳಿದ ಸುದ್ದಿಯನ್ನೆಲ್ಲ ನಿಮ್ಮಮ್ಮ ಫೋನಲ್ಲೇ ಹೇಳಿದ್ದಳು, ಅದು ಬಿಡು. ಆದರೆ ಕೊನೆಯಲ್ಲಿ ಬರೆದಿದ್ದೀಯಲ್ಲ, ಮಗ ತನ್ನ ಹತ್ತಿರ ಇದ್ದ ಐದರ ನಾಣ್ಯ ಕೊಟ್ಟು, ಪಕ್ಕದ ಮನೆ ಹುಡುಗನಿಂದ ಒಂದರ ನಾಣ್ಯ ಮೂರು ಇಸ್ಕೊಂಡು ಕುಣೀತಾ ಬಂದ ಅಂತ. ಅದರ ಕೆಳಗೇ, "ಇವನನ್ನ ಮುಂದೆ ಯಾರು ಬೇಕಾದ್ರೂ ಏಮಾರಿಸ್ತಾರೆ ದೊಡ್ಡಮ್ಮ" ಅಂತ. ಮೊದಲನೆಯದು ಓದಿ ನಗು ಬಂತು. ಎರಡನೆಯದು ಓದಿ ನಿದ್ದೆ ಬರಲಿಲ್ಲ.

ಅವನಿಗೆ ಇನ್ನೂ ಐದು ವರ್ಷ. ಒಂದಕ್ಕಿಂತ ಮೂರು ಜಾಸ್ತಿ ಅಂತ ಲೆಕ್ಕ ಹಾಕಿದ್ದಾನೆ, ಅದು ಸರಿಯೇ ಅಲ್ವಾ? ಒಂದು ವಸ್ತುವಿಗೆ ಒಂದು ಸಂಖ್ಯೆ ಅಂತ ನಾವೇ ಬೆರಳು ಹಿಡಿದು ಕಲಿಸಿರ್ತೀವಿ. ಈಗ ಇದ್ದಕ್ಕಿದ್ದ ಹಾಗೆ ಒಂದೇ ಬಿಲ್ಲೆಯೊಳಗೆ ಐದು ಇದೆ ಅಂದರೆ ಅವನು ಹೇಗೆ ನಂಬಬೇಕು? ಗಾತ್ರ ನೋಡಿ ಹೇಳೋಣ ಅಂದರೆ ಅದೂ ಕೈ ಕೊಡುತ್ತೆ. ಅಮೆರಿಕದಲ್ಲಿ ಹತ್ತು ಸೆಂಟಿನ ನಾಣ್ಯ ಐದು ಸೆಂಟಿನದಕ್ಕಿಂತ ಚಿಕ್ಕದು. ಬ್ರಿಟನ್ನಿನ ಐದು ಪೆನ್ಸ್ ನಾಣ್ಯ 18 ಮಿಲಿಮೀಟರ್ ಅಗಲ, ಒಂದು ಪೆನ್ನಿಯದು 20ಕ್ಕೂ ಜಾಸ್ತಿ. ದೊಡ್ಡವರು ಹೀಗೆ ಮಾಡಿಟ್ಟು ಮಗುವನ್ನು ದಡ್ಡ ಅನ್ನೋದು ಯಾವ ನ್ಯಾಯ?

ಟೀಚರ್ ಟ್ರೇನಿಂಗಿನಲ್ಲಿ ನಮಗೆ ಪಿಯಾಜೆ ಅನ್ನೋ ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞರ ಪಾಠ ಇತ್ತು. ಎರಡು ಸಾಲಲ್ಲಿ ಅಷ್ಟಷ್ಟೇ ಬಿಲ್ಲೆ ಜೋಡಿಸಿ, ಮಗುವಿನ ಕಣ್ಣೆದುರೇ ಒಂದು ಸಾಲನ್ನು ಉದ್ದಕ್ಕೆ ಹರಡಿದರೆ, ಚಿಕ್ಕ ಮಕ್ಕಳು ಉದ್ದ ಸಾಲಿನಲ್ಲೇ ಜಾಸ್ತಿ ಇದೆ ಅಂತಾರೆ. ಸಾಮಾನ್ಯವಾಗಿ ಆರೇಳು ವರ್ಷದ ಹೊತ್ತಿಗೆ ಅದು ಹೋಗುತ್ತೆ. ಪರೀಕ್ಷೆಗೆ ಉರು ಹೊಡೆದಿದ್ದೆ. ಆಮೇಲೆ ತರಗತಿಯಲ್ಲಿ ಮಾಡಿಸಿ ನೋಡಿದಾಗ ನಿಜ ಅನ್ನಿಸಿತು.

ಆದರೂ ನಿನ್ನ ಮಾತು ಮನಸ್ಸಿಂದ ಹೋಗ್ತಾ ಇಲ್ಲ. ಏಮಾರೋದು ಅಂದರೆ ಏನು ಅಂತ ನನಗೆ ಗೊತ್ತು. ತಾತ ದುಡ್ಡಿನ ವಿಷಯದಲ್ಲಿ ಹೇಗಿದ್ದರು ಅಂತ ನಿನಗೆ ಹೇಳಬೇಕಾಗಿಲ್ಲ, ನಾವು ಯಾರೂ ಅವರ ಜೇಬು ಮುಟ್ಟೋ ಹಾಗಿರಲಿಲ್ಲ. ಮೊದಲ ಸಂಬಳ ಕೈಗೆ ಬಂದ ದಿನ ನಾಲ್ಕು ಜನರ ಮುಂದೆ ನೋಟು ಎಣಿಸೋಕೆ ನಾಚಿಕೆಯಾಯಿತು. ಹಾಗೇ ಪರ್ಸಿಗೆ ತುರುಕಿಕೊಂಡು ಬಂದೆ. ಮನೆಯಲ್ಲಿ ನೋಡಿದರೆ ಒಂದು ನೋಟು ಕಮ್ಮಿ. ಲೆಕ್ಕ ಬರದೆ ಅಲ್ಲ, ಐವತ್ತು ಮಕ್ಕಳಿಗೆ ಮಗ್ಗಿ ಹೇಳಿಕೊಡ್ತಿದ್ದವಳು ನಾನು! ಈ ವಯಸ್ಸಲ್ಲೂ ಯಾರಾದರೂ ಚಿಲ್ಲರೆ ಕೊಟ್ಟರೆ ಎಣಿಸದೆ ಮುಷ್ಟಿ ಮುಚ್ಚಿಬಿಡ್ತೀನಿ. ಆ ನಾಚಿಕೆ ಎಲ್ಲಿಂದ ಬಂತು ಅಂತ ಈಗ ಯೋಚಿಸಿ ಏನು ಪ್ರಯೋಜನ, ಆದರೂ ಯೋಚಿಸ್ತೀನಿ.

ಅದಕ್ಕೇ ಕೇಳ್ತೀನಿ. ಅವನು ಕುಣೀತಾ ಬಂದಾಗ ನೀವೆಲ್ಲ ಏನು ಮಾಡಿದಿರಿ? ನಕ್ಕಿರಾ? ಆ ಮಾತನ್ನ ಅವನ ಎದುರಿಗೇ ಆಡಿದೆಯಾ? ಅದೊಂದನ್ನ ನೀನು ಬರೆದಿಲ್ಲ. ಐದು, ಮೂರು ಅನ್ನೋದು ಇವತ್ತಲ್ಲ ನಾಳೆ ಬರುತ್ತೆ. ಇನ್ನೊಂದು ಸಲ ತನ್ನ ನಾಣ್ಯ ನಿನಗೆ ತೋರಿಸೋಕೆ ಅವನು ಹಿಂದೆಮುಂದೆ ನೋಡಿದರೆ, ನನಗೆ ಅದೇ ಹೆದರಿಕೆ.

ಉಪಾಯ ಕೇಳಿದ್ದೀಯ. ನನಗೆ ಗೊತ್ತಿರೋದು ಸ್ವಲ್ಪವೇ. ನೆಲದ ಮೇಲೆ ಒಂದು ಟವಲ್ ಹಾಸಿ ಐದರ ನಾಣ್ಯ ಇಡು, ಪಕ್ಕದಲ್ಲಿ ಒಂದರವು ಐದು ಸಾಲಾಗಿ. ಅವನು ಆ ಐದರ ನಾಣ್ಯದ ಮೇಲೇ ಬೆರಳಿಂದ ಐದು ಸಲ ತಟ್ಟಿ ಎಣಿಸಲಿ. ಮೊದಮೊದಲು ಒಂದು ಸಲ ತಟ್ಟಿ ಬೆರಳು ಪಕ್ಕದ ನಾಣ್ಯಕ್ಕೆ ಜಾರುತ್ತೆ, ನೋಡ್ತಿರು. ನೀನು ಬೆರಳು ಹಿಡಿದು ವಾಪಸ್ ಇಡಬೇಡ, ಸುಮ್ನೆ ಕೂತಿರು. ಆಮೇಲೆ ಅದಲುಬದಲು ಆಟ: ಒಂದರವು ಐದು ಕೊಟ್ಟರೆ ಐದರದು ಒಂದು. ಐದೈದಾಗಿ, ಹತ್ಹತ್ತಾಗಿ ಎಣಿಸೋದು ಬಾಯಿಗೆ ಬಂದ ಮೇಲೆ ಬೇರೆಬೇರೆ ನಾಣ್ಯ ಬೆರೆಸು, ದೊಡ್ಡ ಬೆಲೆಯದ್ದನ್ನೇ ಮೊದಲು ಎಣಿಸಲಿ. ಪ್ಲಾಸ್ಟಿಕ್ ದುಡ್ಡು ತರಬೇಡ, ನಿಜವಾದದ್ದರ ತೂಕ, ಅಂಚು ಕೈಗೆ ಗೊತ್ತಾಗಬೇಕು. ನೀವು ಎಲ್ಲದಕ್ಕೂ ಫೋನ್ ಹಿಡೀತೀರಿ, ಅವನಿಗೆ ಕೇಳಿಸೋದು ಟಿಣ್ ಅನ್ನೋ ಸದ್ದು ಮಾತ್ರ. ಅಪರೂಪಕ್ಕಾದರೂ ಅವನ ಕೈಯಿಂದ ದುಡ್ಡು ಕೊಡಿಸು. ಚಿಲ್ಲರೆ ಅವನೇ ಎಣಿಸಲಿ, ಎಷ್ಟು ಹೊತ್ತಾದರೂ ಆಗಲಿ, ಹಿಂದೆ ನಿಂತವರು ಗೊಣಗಿದರೆ ಗೊಣಗಲಿ. ಇಷ್ಟೆಲ್ಲ ಹೇಳೋಕೆ ನಾನ್ಯಾರು ಅಂತಲೂ ಅನ್ನಿಸುತ್ತೆ, ನಿನ್ನ ಮಗ, ನಿನಗೆ ಚೆನ್ನಾಗಿ ಗೊತ್ತು.

ಆಟ ಮುಗಿದ ಮೇಲೆ ಕೈ ತೊಳೆಸು. ನಾಣ್ಯ ಒಂದೂ ನೆಲದ ಮೇಲೆ ಬಿಡಬೇಡ, ಎಣಿಸಿ ಡಬ್ಬಿಗೆ ಹಾಕಿ ಮೇಲಿಡು. ನಿನ್ನ ಚಿಕ್ಕ ಮಗುವಿಗೆ ಈಗ ಸಿಕ್ಕಿದ್ದೆಲ್ಲ ಬಾಯಿಗೆ ಹಾಕೋ ವಯಸ್ಸು, ನುಂಗಿಬಿಟ್ಟೀತು.

ನಿನ್ನ
ದೊಡ್ಡಮ್ಮ