ಭಾನುವಾರದ ವಾಲ್ಡ್ರಾಮ್ ಭೇಟಿ: ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ,

ಮ್ಯೂನಿಕ್ ಬಳಗದವರು ಈ ಭಾನುವಾರ ವೋಲ್ಫ್‌ರಾಟ್ಸ್‌ಹೌಸೆನ್ ಪಕ್ಕದ ವಾಲ್ಡ್ರಾಮ್‌ಗೆ ಹೋಗುತ್ತಿದ್ದೇವೆ. ಮಧ್ಯಾಹ್ನ 12 ಗಂಟೆಗೆ ಮುಖ್ಯ ರೈಲು ನಿಲ್ದಾಣದಲ್ಲಿ ಸೇರಿ ಎಸ್7 ಹಿಡಿಯೋಣ.

ಈಗ ನೋಡಿದರೆ ಸಾದಾ ಬಡಾವಣೆ. ಹಿಂದೆ ಇದರ ಹೆಸರು ಫೋರೆನ್‌ವಾಲ್ಡ್. ಮದ್ದುಗುಂಡು ಕಾರ್ಖಾನೆಯ ಕೆಲಸಗಾರರಿಗೆಂದು ನಾಜಿಗಳು ಕಟ್ಟಿಸಿದ ಮನೆಗಳಿವು. 1945ರಲ್ಲಿ ಯುದ್ಧ ಮುಗಿದ ಮೇಲೆ ಅಮೆರಿಕನ್ನರು ಇಲ್ಲಿ ನಿರಾಶ್ರಿತರ ಶಿಬಿರ ತೆರೆದರು. ನಾಜಿಗಳ ಹತ್ಯಾಕಾಂಡದಿಂದ ಬದುಕಿ ಉಳಿದ ಯಹೂದಿಗಳೇ ಜಾಸ್ತಿ. ಶಿಬಿರದ ಕಾಲದಲ್ಲಿ ಬೀದಿಗಳಿಗೆ ಇಲಿನಾಯ್, ವಿಸ್ಕಾನ್ಸಿನ್ ಅಂತ ಅಮೆರಿಕದ ರಾಜ್ಯಗಳ ಹೆಸರು! ಶಿಬಿರ ಮುಚ್ಚಿದ್ದು 1957ರಲ್ಲಿ. ಯುದ್ಧ ಮುಗಿದು ಹನ್ನೆರಡು ವರ್ಷ ಆಗಿತ್ತು, ಅಲ್ವಾ? ಆಮೇಲೆ ಇದೇ ಮನೆಗಳಿಗೆ ಬಂದವರಲ್ಲಿ ಪೂರ್ವ ಯುರೋಪಿನಿಂದ ಹೊರದಬ್ಬಿಸಿಕೊಂಡ ಜರ್ಮನ್ ಕುಟುಂಬಗಳೂ ಇದ್ದವು. ನನಗಂತೂ ಈ ಭಾಗವೇ ಹೆಚ್ಚು ಕಾಡುತ್ತದೆ.

ಹಳೆಯ ಸ್ನಾನಗೃಹವೇ ಈಗ ವಸ್ತುಸಂಗ್ರಹಾಲಯ. ವಿವರಣೆ ಜರ್ಮನ್‌ನಲ್ಲಿರುತ್ತದೆ, ಗೊತ್ತಿದ್ದವರು ಉಳಿದವರಿಗೆ ಕನ್ನಡದಲ್ಲಿ ಹೇಳಿ.

ಗುಂಪು ಟಿಕೆಟ್ ತೆಗೆಸಬೇಕು. ಹಾಗಾಗಿ ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ, ಮಕ್ಕಳಿದ್ದರೆ ವಯಸ್ಸೂ ಬರೆಯಿರಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕ ಸಿಗಲ್ಲ. ಬುತ್ತಿ ಅವರವರದ್ದೇ. ಚಿತ್ರಾನ್ನ ತರುವವರು ಸ್ವಲ್ಪ ಜಾಸ್ತಿ ತಂದರೆ ಬೇಡ ಅನ್ನುವುದಿಲ್ಲ.