ಪಾರ್ಕಿನಲ್ಲಿ ಕಿತ್ತ ಗರಿಕೆ, ಬಜಾರಿನಲ್ಲಿ ಕೊಂಡ ಗರಿಕೆ

ಮಾನ್ಯ ಶಾಸಕರಿಗೆ ನಮಸ್ಕಾರ.

ಗಣೇಶನ ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಗರಿಕೆ ಕಟ್ಟಿಗೆ ಚೌಕಾಸಿ ಮಾಡುತ್ತಾ ನನಗೇ ನಗು ಬಂತು. ಅದೇ ವಾರ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಮೆಕ್ಸಿಕನ್ ಹುಲ್ಲಿನ ನಡುವೆ ತಲೆಯೆತ್ತಿದ್ದ ಗರಿಕೆಯನ್ನು ಕಳೆಯೆಂದು ಬೇರುಸಮೇತ ಕಿತ್ತು ಚೀಲಕ್ಕೆ ತುಂಬಿದ್ದರು. ಕೀಳಿಸಿದ್ದು ನಮ್ಮ ತೆರಿಗೆ ದುಡ್ಡಿನಲ್ಲೇ.

ಈ ಪಾರ್ಕಿನ ಹಿಂಬದಿ ಗೋಡೆಯುದ್ದಕ್ಕೂ ಮೊದಲು ತುಂಬೆ, ಉತ್ತರಾಣಿ, ನೆಲನೆಲ್ಲಿ ಇದ್ದವು. ನಲ್ಲಿ ಸೋರುವ ಜಾಗದಲ್ಲಿ ಒಂದೆಲಗ. ಮಳೆಗಾಲದಲ್ಲಿ ಒಬ್ಬ ಅಜ್ಜಿ ಬಂದು ಹೊನಗೊನ್ನೆ, ಒಂದೆಲಗ ಎಲ್ಲಾ ಆರಿಸಿ, ಬೆರಕೆ ಸೊಪ್ಪಿನ ಸಾರಿಗೆಂದು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಈಗ ಅಲ್ಲಿ ಅಲಂಕಾರದ ಡುರಾಂಟಾ ಗಿಡದ ಬೇಲಿ. ಅಜ್ಜಿಯನ್ನು ವಾಚ್‌ಮನ್ ಒಳಗೆ ಬಿಡುವುದಿಲ್ಲ.

ಮೂಲೆಯಲ್ಲೊಂದು ಎಕ್ಕದ ಗಿಡವಿತ್ತು. ಒಂದು ಸಂಜೆ ಮೊಮ್ಮಗಳು ಎಲೆ ಮಗುಚಿ ತೋರಿಸಿದಳು: ಕಪ್ಪು, ಬಿಳಿ, ಹಳದಿ ಪಟ್ಟೆಯ ನಾಲ್ಕು ಹುಳು, ಪ್ಲೇನ್ ಟೈಗರ್ ಚಿಟ್ಟೆಯ ಮರಿಗಳು. ಅವು ತಿನ್ನುವುದು ಎಕ್ಕದ ಜಾತಿಯ ಹಾಲು ಬರುವ ಗಿಡಗಳನ್ನೇ. ಮಾರನೆಯ ಬೆಳಿಗ್ಗೆ ಹುಲ್ಲು ಕತ್ತರಿಸುವ ಮಷಿನ್ ಬಂದು ಎಕ್ಕವನ್ನೂ ಕಡಿದಿತ್ತು. ಆಮೇಲೆ ರಥಸಪ್ತಮಿಗೆ ನಮ್ಮ ಸಂಘದ ಕಾರ್ಯದರ್ಶಿಗಳೇ ಫೋನ್ ಮಾಡಿದರು, "ಎಕ್ಕದ ಎಲೆ ಎಲ್ಲಾದ್ರೂ ಸಿಗುತ್ತಾ ಸಾರ್?"

ತಪ್ಪು ನಮ್ಮದೂ ಇದೆ. ಹಾವು ಬರುತ್ತೆ, ಡೆಂಗಿ ಬರುತ್ತೆ, ಕ್ಲೀನ್ ಮಾಡಿಸಿ ಅಂತ ಅರ್ಜಿ ಬರೆದವರಲ್ಲಿ ನಾನೂ ಒಬ್ಬ. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ನಮ್ಮದೇ ಹೂಕುಂಡದ ತಟ್ಟೆಯ ನೀರಿನಲ್ಲಿ, ತುಂಬೆ ಗಿಡದಲ್ಲಲ್ಲ ಎಂದು ತಿಳಿದದ್ದು ತಡವಾಗಿ. ತುಂಬೆಯಂಥ ಗಿಡ ಬೀಜದಿಂದಲೇ ಮರುಹುಟ್ಟಬೇಕು. ಹದಿನೈದು ದಿನಕ್ಕೊಮ್ಮೆ ಕತ್ತರಿಸಿದರೆ ಬೀಜ ಕಟ್ಟುವುದು ಯಾವಾಗ? ಎರಡು ಮೂರು ವರ್ಷದಲ್ಲಿ ಜಾಗ ಖಾಲಿ. ಗುತ್ತಿಗೆಯಲ್ಲಿ ಲೆಕ್ಕ ಕತ್ತರಿಸಿದ ಹುಲ್ಲಿಗೆ, ಉಳಿದ ಗಿಡಕ್ಕಲ್ಲ. "ತುಂಬೆ ನಮ್ಮೂರಲ್ಲಿ ಶೀತಕ್ಕೆ ಹಾಕ್ತಾರೆ ಸಾರ್, ಇಲ್ಲಿ ಬಿಟ್ರೆ ಬೈಸ್ಕೋಬೇಕು," ಎಂದ ಮಾಲಿಗೆ ನಾನೇನು ಹೇಳಲಿ?

ಹೊರಗಿನ ಗಿಡವೇ ಬೇಡ ಎಂಬ ಹಟ ನನಗಿಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಕೃಂಬಿಗಲ್, ತಿಂಗಳಿಗೊಂದು ಮರ ಹೂಬಿಡಲೆಂದು ದೇಶದೇಶದ ಮರ ತರಿಸಿದವರು. ಆ ನೆರಳಲ್ಲೇ ನಾವು ಓಡಾಡಿದ್ದೇವೆ. ನೂರಾರು ಪಾರ್ಕಿಗೆ ಒಂದೇ ಬೇಲಿ, ಒಂದೇ ಹುಲ್ಲು ಯಾಕೆ ಎಂಬುದಷ್ಟೇ ನನ್ನ ತಕರಾರು.

ಗೋಡೆಯ ಪಕ್ಕದ ಹತ್ತಡಿ ಪಟ್ಟಿಗೆ ಮೊದಲ ಮಳೆಯಿಂದ ಸಂಕ್ರಾಂತಿವರೆಗೆ ಮಷಿನ್ ಹಾಕಬಾರದೆಂದು ಟೆಂಡರಿನಲ್ಲೇ ಬರೆಸಿ. ಪಾರ್ಥೇನಿಯಂ ಮಾತ್ರ ಹೂಬಿಡುವ ಮುಂಚೆ ಕೈಯಲ್ಲಿ ಕೀಳಲಿ. ಅಜ್ಜಿಗೆ ಸೊಪ್ಪು ಕೀಳಲು ಅಡ್ಡಿಮಾಡಬಾರದೆಂದೂ ಒಂದು ಸಾಲು ಸೇರಿಸಿ. ಬರುವ ಸೋಮವಾರ ಮತ್ತೆ ಮಷಿನ್ ಬರುತ್ತದೆ. ಕಡಿದ ಎಕ್ಕದ ಬುಡದಲ್ಲಿ ಎರಡು ಚಿಗುರು ಬಂದಿವೆ. ಅಷ್ಟರೊಳಗೆ ಒಂದು ಫೋನ್ ಮಾಡಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ