ರಾತ್ರಿ ಹನ್ನೊಂದರ ತನಕ ಒಂದು ಬಾಗಿಲು ತೆರೆದಿರಲಿ: ಧಾರವಾಡ ಜಿಲ್ಲಾಧಿಕಾರಿಯವರಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಸಪ್ತಾಪುರ, ಜಯನಗರದ ಓಣಿಗಳಲ್ಲಿ ಪಿಎಸ್‌ಐ, ಕೆಎಎಸ್, ಎಫ್‌ಡಿಎ ಅಂತ ಓದಲು ಬಂದ ಹುಡುಗ ಹುಡುಗಿಯರು ಒಂದೊಂದು ರೂಮಿನಲ್ಲಿ ಮೂರು ನಾಲ್ಕು ಮಂದಿ ಇದ್ದಾರೆ. ನೇಮಕಾತಿ ಮುಂದಕ್ಕೆ ಹೋದಾಗ, ಪಟ್ಟಿಯಲ್ಲಿ ಹೆಸರು ಇಲ್ಲದಾಗ, ಊರಿಂದ ‘ಇನ್ನೆಷ್ಟು ವರ್ಷ ಓದ್ತೀ?’ ಅಂತ ಫೋನ್ ಬಂದಾಗ ಅವರಿಗೆ ಕೂತು ಮಾತಾಡಲು ಜಾಗವಿಲ್ಲ. ಇಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನ ಹೊರರೋಗಿ ವಿಭಾಗ ಸಂಜೆಗೆ ಮುಚ್ಚಿರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ, ಅದು ನಿಜಕ್ಕೂ ದೊಡ್ಡ ಆಸರೆ. ಆದರೆ ಪಕ್ಕದ ಹಾಸಿಗೆಯವನು ಕೇಳಿಸಿಕೊಳ್ಳುತ್ತಿರುವಾಗ ಆ ಫೋನಿನಲ್ಲಿ ಏನು ಹೇಳುವುದು?

ನಾವು ಕೇಳುತ್ತಿರುವುದು ಹೊಸ ಕಟ್ಟಡವಲ್ಲ. ಸಪ್ತಾಪುರದ ಆಸುಪಾಸಿನಲ್ಲಿ ಸರ್ಕಾರಿ ಗ್ರಂಥಾಲಯಕ್ಕೋ ಪಾಲಿಕೆಗೋ ಸೇರಿದ ಎರಡು ಕೋಣೆ, ವಾರದ ಏಳೂ ದಿನ, ಸಂಜೆ 5ರಿಂದ ರಾತ್ರಿ 11. ಗ್ರಂಥಾಲಯಕ್ಕೆ ಹತ್ತಿಕೊಂಡಿದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಅಲ್ಲಿಗೆ ಹೋಗುವವರನ್ನು ‘ಯಾಕೆ ಹೋಗಿದ್ದಿ’ ಅಂತ ಯಾರೂ ಕೇಳುವುದಿಲ್ಲ. ಹೊರಗಿನ ಬೋರ್ಡಿನಲ್ಲಿ ‘ಮಾನಸಿಕ’ ಎಂಬ ಪದ ಬೇಡ. ‘ಕಟ್ಟೆ’ ಅಂತಷ್ಟೇ ಬರೆದರೆ ಸಾಕು. ರವಿವಾರ ರಜೆ ಕೊಡಲೇಬಾರದು. ಅಂದು ಕ್ಲಾಸು ಇರುವುದಿಲ್ಲ, ರಾತ್ರಿ ಎಷ್ಟೋ ಮೆಸ್ಸುಗಳೂ ಬಂದ್ ಇರುತ್ತವೆ.

ಇಂಥ ಜಾಗಗಳು ಕೆಡುವುದು ಹೊಸ್ತಿಲಲ್ಲೇ. ಒಳಗೆ ಬಂದವರ ಕೈಗೆ ಫಾರ್ಮು ಕೊಟ್ಟು ಆಧಾರ್ ಕೇಳಿದರೆ ಅವರು ನಾಳೆ ಬರುವುದಿಲ್ಲ. ಮೊದಲು ‘ಊಟ ಆತೇನು?’ ಅಂತ ಕೇಳಬೇಕು. ಒಂದು ತಟ್ಟೆ ಅವಲಕ್ಕಿ, ಚಹಾ, ಎಲ್ಲ ನಮೂನೆಯ ಮೊಬೈಲ್‌ಗೆ ಆಗುವ ಚಾರ್ಜರ್ ಇರಬೇಕು. ಫೋನು ಸತ್ತಿದ್ದರೆ ಗೆಳೆಯನ ನಂಬರೂ ಅದರೊಳಗೇ ಇರುತ್ತದೆ. ಮಾತಿನ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬೇಡ, ಬಾಗಿಲಿನಲ್ಲಿ ಒಂದು ಅಡಿಯಷ್ಟು ಗಾಜಿರಲಿ. ಕುರ್ಚಿಗಳು ಎದುರುಬದುರು ಬೇಡ, ತುಸು ಓರೆಯಾಗಿರಲಿ. ಬಂದವರ ಕುರ್ಚಿ ಬಾಗಿಲಿಗೆ ಹತ್ತಿರ ಇರಬೇಕು, ಎದ್ದು ಹೋಗಬಹುದು ಅನ್ನಿಸಿದವರೇ ಹೆಚ್ಚು ಹೊತ್ತು ಕೂರುತ್ತಾರೆ.

ಆಮೇಲೆ ಬಹಳ ಮಂದಿ ಹಿಂಜರಿಯುವ ಪ್ರಶ್ನೆ. ‘ಸಾಯಬೇಕು ಅನ್ನೋ ವಿಚಾರ ಬರ್ತದೇನು?’ ಎಂದು ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತು ಎಂಬುದು ತಪ್ಪು ನಂಬಿಕೆ. ಕೇಳಿದಾಗ ಎದೆಯ ಭಾರ ಇಳಿಯುವುದೇ ಹೆಚ್ಚು. ಹೌದು ಎಂದರೆ ಉಪದೇಶ ಬೇಡ, ಅಪ್ಪ ಅವ್ವನ ಕಷ್ಟ ನೆನಪಿಸುವುದಂತೂ ಬೇಡವೇ ಬೇಡ. ಒಂದು ಅಂಗೈಯಗಲದ ಕಾರ್ಡಿನ ಮೇಲೆ ಅವರ ಕೈಯಿಂದಲೇ ಬರೆಸಬೇಕು: ಕೆಟ್ಟ ಗಳಿಗೆ ಬರುವ ಮೊದಲಿನ ಸುಳಿವು ಏನು, ಆಗ ತಾನೇ ಏನು ಮಾಡಬಹುದು, ಯಾವ ಜಾಗಕ್ಕೆ ಹೋದರೆ ಹಗುರ, ಯಾರಿಗೆ ಫೋನ್ ಮಾಡಬಹುದು, ಯಾವ ವೈದ್ಯರು, ರೂಮಿನಿಂದ ಏನನ್ನು ದೂರ ಇಡಿಸಬೇಕು. ಕಾರ್ಡು ಅವರ ಜೇಬಿಗೆ ಹೋಗಲಿ. ಮರುದಿನ ಒಂದು ಫೋನು, ವಾರದೊಳಗೆ ಇನ್ನೊಂದು. ನಂಬರು ಕೊಟ್ಟು ‘ಅಲ್ಲಿಗೆ ಹೋಗು’ ಎಂದು ಕಳಿಸಿಬಿಟ್ಟರೆ ಅರ್ಧ ದಾರಿಯಲ್ಲೇ ಕೈಬಿಟ್ಟಂತೆ. ಡಿಮ್ಹಾನ್ಸ್‌ಗೆ ಹೋಗಬೇಕಾದರೆ ಒಬ್ಬರು ಜತೆಗೇ ಹೋಗಬೇಕು. ಮೈಗೆ ಏನಾದರೂ ಹಾನಿ ಮಾಡಿಕೊಂಡಿದ್ದರೆ ಮಾತ್ರ ಮೊದಲು 108, ನೇರ ಜಿಲ್ಲಾ ಆಸ್ಪತ್ರೆ.

ಬಂದವರು ಹೆದರುವುದು ‘ಕೇಸ್ ಆಗ್ತದ’ ಎಂದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಆರೈಕೆಯ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ಆ ಯತ್ನವನ್ನು ಅಪರಾಧವೆನ್ನುತ್ತಿದ್ದ ಐಪಿಸಿಯ 309ನೇ ಕಲಮು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಇದನ್ನು ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಬೇಕು, ಠಾಣೆಗಳಿಗೂ ತಿಳಿಸಬೇಕು.

18 ತುಂಬದವರ ವಿಷಯವೇ ಬೇರೆ. ಅವರ ಜತೆ ಮಾತಾಡಬಹುದು, ಉಣಿಸಬಹುದು, ರಾತ್ರಿ ಇರಿಸಿಕೊಳ್ಳುವಂತಿಲ್ಲ. ಮನೆ ಬಿಟ್ಟು ಬಂದ ಮಗುವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹೀಗೆ ಮಾಡುತ್ತೇವೆ ಎಂದು ಮಗುವಿಗೆ ಮೊದಲೇ ಹೇಳಬೇಕು. ಗುಟ್ಟಾಗಿ ಫೋನ್ ಮಾಡಿದ್ದು ಗೊತ್ತಾದರೆ ಆ ಮಗು ಇನ್ನಾರನ್ನೂ ನಂಬುವುದಿಲ್ಲ. ಹೊಡೆತಕ್ಕೆ ಹೆದರಿ ಬಂದಿದ್ದರೆ ಮನೆಗೆ ಫೋನ್ ಮಾಡುವ ಆತುರ ಬೇಡ. ಹುಬ್ಬಳ್ಳಿಯಲ್ಲಿ ರೈಲು ನಿಲ್ದಾಣದ ಹತ್ತಿರ ಎರಡನೇ ಕಟ್ಟೆ ಬೇಕೆನ್ನುವುದು ಇಂಥ ಮಕ್ಕಳಿಗಾಗಿಯೇ.

ದಿನಕ್ಕೆ ಒಂದು ಪಾಳಿ, ಪಾಳಿಗೆ ಇಬ್ಬರು, ಅವರಲ್ಲಿ ಒಬ್ಬರು ಹೆಣ್ಣುಮಗಳು. ಇಬ್ಬರದೂ ಸೇರಿ ವಾರಕ್ಕೆ 14 ಸರದಿ; ಒಬ್ಬರಿಗೆ ಎರಡರಂತೆ ಏಳು ಮಂದಿ, ರಜೆ ಕಾಯಿಲೆ ಸೇರಿಸಿ ಹತ್ತು. ತರಬೇತಿಯನ್ನು ಡಿಮ್ಹಾನ್ಸ್ ಕೊಡಬಹುದು. ಗೌರವಧನ ತಿಂಗಳು ತಿಂಗಳು ಬರಬೇಕು, ನಿಂತರೆ ಪಳಗಿದವರೇ ಮೊದಲು ಬಿಟ್ಟುಹೋಗುತ್ತಾರೆ.

ನಿಮ್ಮಿಂದ ಬೇಕಾದದ್ದು ಒಂದು ಲಿಖಿತ ಆದೇಶ. ಆರೋಗ್ಯ ಇಲಾಖೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಪೊಲೀಸ್ ಕಮಿಷನರೇಟ್, ಮೂರೂ ಕಡೆ ರಾತ್ರಿ ಫೋನ್ ಎತ್ತುವ ಒಬ್ಬೊಬ್ಬರ ಹೆಸರು ಅದರಲ್ಲಿರಬೇಕು. ದ್ವಿತೀಯ ಪಿಯು ಫಲಿತಾಂಶಕ್ಕೆ ಮೊದಲು ಸಪ್ತಾಪುರದ ಕೋಣೆಯ ಬೀಗದ ಕೈ ಸಿಗಲಿ. ಸಭೆಗೆ ಕರೆಯಿರಿ, ಪಾಳಿ ಪಟ್ಟಿ ಮತ್ತು ಕಾರ್ಡಿನ ನಮೂನೆಯೊಂದಿಗೆ ಬರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಹುಬ್ಬಳ್ಳಿ-ಧಾರವಾಡದ ಆಪ್ತಸಮಾಲೋಚಕರು ಹಾಗೂ ಯುವಜನ ಕಾರ್ಯಕರ್ತರು